ಗುಟ್ಟಿನ ನಂಬರ್

2016ರ ಸೆಪ್ಟೆಂಬರ್. ಜರ್ಮನಿಯ ಎರ್ಲಾಂಗನ್ ಊರಿಗೆ ಬಂದು ಮೂರು ವಾರ ಆಗಿತ್ತು. ಬಾಡಿಗೆ ಮನೆಯ ಬೀಗದ ಕೈ ಕೊಡುವಾಗ ಮಾಲಕಿ ತಮ್ಮ ಕೈಚೀಲದಿಂದ ಒಂದು ಬೇಕರಿ ಬಿಲ್ ತೆಗೆದರು. ಅದನ್ನು ತಿರುಗಿಸಿ, ಹಿಂಬದಿಯಲ್ಲಿ ಉದ್ದಕ್ಕೆ ಒಂದು ನಂಬರ್ ಬರೆದರು. ಡಿಇ ಎಂದು ಶುರುವಾಗಿ, ನಾಲ್ಕು ನಾಲ್ಕು ಅಂಕಿಗಳ ಗುಂಪು. "ಬಾಡಿಗೆಯನ್ನು ಇದಕ್ಕೆ ಹಾಕಿ. ತಿಂಗಳ ಮೊದಲ ಮೂರು ದಿನದೊಳಗೆ ಬಂದರೆ ಸಾಕು" ಎಂದರು.

ಅದು ಅವರ ಬ್ಯಾಂಕ್ ಖಾತೆಯ ನಂಬರ್. ನಾನು ಆ ಚೀಟಿಯನ್ನು ಮಡಚಿ ಪರ್ಸಿನ ಒಳಜೇಬಿಗೆ ಹಾಕಿಕೊಂಡೆ. ಬೇರೆಯವರ ಗುಟ್ಟೊಂದು ಕೈಗೆ ಬಂದ ಹಾಗೆ ಅನ್ನಿಸಿತು. ಅದಕ್ಕೂ ಮೊದಲು ಏಳು ವರ್ಷ ನಾನು ಅಮೆರಿಕದಲ್ಲಿದ್ದೆ, ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿ. ಅಲ್ಲಿಗೆ ಹೋದ ಮೊದಲ ವಾರವೇ ಆಫೀಸಿನವರು, ಗೆಳೆಯರು ಎಲ್ಲರೂ ಹೇಳಿದ್ದು ಒಂದೇ ಮಾತು. ಅಕೌಂಟ್ ನಂಬರನ್ನು ಯಾರಿಗೂ ಕೊಡಬೇಡ.

ಎರ್ಲಾಂಗನ್‌ನಲ್ಲಿ ಅದೇ ವಾರ ಮಗನನ್ನು ಮಕ್ಕಳ ಆಟದ ಕ್ಲಬ್ಬಿಗೆ ಸೇರಿಸಲು ಹೋದೆವು. ಗೋಡೆಗೆ ಅಂಟಿಸಿದ್ದ ಕಾಗದದ ಅಡಿಯಲ್ಲಿ ಕ್ಲಬ್ಬಿನ ಖಾತೆ ನಂಬರ್ ಇತ್ತು. ನಲ್ಲಿ ರಿಪೇರಿಗೆ ಬಂದವರು ಕೊಟ್ಟ ಬಿಲ್ಲಿನಲ್ಲಿ ಅವರ ನಂಬರ್. ಚರ್ಚಿನ ಹೊರಗಿನ ಫಲಕದಲ್ಲಿ ಕಾಣಿಕೆ ಹಾಕುವವರಿಗಾಗಿ ಇನ್ನೊಂದು ನಂಬರ್. ಇಡೀ ಊರು ತನ್ನ ಖಾತೆ ನಂಬರನ್ನು ಮನೆ ವಿಳಾಸದ ಹಾಗೆ ಹೊರಗೆ ಬರೆದುಕೊಂಡಿತ್ತು. ಒಂದೇ ವಸ್ತು ಒಂದು ಕಡೆ ಗುಟ್ಟು, ಇನ್ನೊಂದು ಕಡೆ ವಿಳಾಸ ಆಗಿದ್ದು ಹೇಗೆ? ಆ ಪ್ರಶ್ನೆ ನನ್ನ ತಲೆಯಿಂದ ಇಳಿಯಲೇ ಇಲ್ಲ. ಎರಡೂ ಕಡೆಯ ಬ್ಯಾಂಕುಗಳ ಸ್ವಭಾವ ನನಗೆ ಅರ್ಥವಾಗಿದ್ದು ಆ ಪ್ರಶ್ನೆಯ ಹಿಂದೆ ಹೋಗಿಯೇ.

ಕೊಲಂಬಸ್‌ನಲ್ಲಿ ಬಾಡಿಗೆ ಕೊಡುತ್ತಿದ್ದುದು ಚೆಕ್ಕಿನಲ್ಲಿ. ಪ್ರತಿ ತಿಂಗಳ ಒಂದನೇ ತಾರೀಕು ಅಪಾರ್ಟ್‌ಮೆಂಟಿನ ಆಫೀಸಿನ ಬಾಗಿಲಲ್ಲಿದ್ದ ಸೀಳಿನೊಳಗೆ ಲಕೋಟೆ ಹಾಕಬೇಕು. ಮೊತ್ತವನ್ನು ಅಂಕಿಯಲ್ಲೂ ಬರೆಯಬೇಕು, ಅಕ್ಷರದಲ್ಲೂ ಬರೆಯಬೇಕು. ಮಗನ ಡೇಕೇರ್‌ಗೂ ಚೆಕ್, ಮನೆ ಮುಂದಿನ ಹಿಮ ತೆಗೆಯುವವರಿಗೂ ಚೆಕ್. ಆ ಚೆಕ್ಕಿನ ಅಡಿಯಲ್ಲಿ ಮ್ಯಾಗ್ನೆಟಿಕ್ ಇಂಕಿನ ಒಂದು ಸಾಲು ಇರುತ್ತದೆ. ಮೊದಲು ಬ್ಯಾಂಕನ್ನು ಗುರುತಿಸುವ 9 ಅಂಕಿಯ ರೂಟಿಂಗ್ ನಂಬರ್. ಅದರ ಪಕ್ಕದಲ್ಲೇ ಖಾತೆ ನಂಬರ್. ಅಂದರೆ ಯಾರಿಗೂ ಹೇಳಬೇಡ ಎಂದಿದ್ದ ಆ ನಂಬರನ್ನು ನಾನು ತಿಂಗಳಿಗೆ ನಾಲ್ಕೈದು ಜನರ ಕೈಗೆ, ಸಹಿ ಸಮೇತ, ನಾನೇ ಕೊಡುತ್ತಿದ್ದೆ. ಇದು ನನಗೆ ಹೊಳೆಯಲು ಎರಡು ವರ್ಷ ಬೇಕಾಯಿತು.

ನನ್ನ ಅಪ್ಪ ಉಡುಪಿಯಲ್ಲಿ ಬ್ಯಾಂಕ್ ನೌಕರರಾಗಿದ್ದವರು. ಬಹಳ ವರ್ಷ ಕ್ಲಿಯರಿಂಗ್ ನೋಡಿಕೊಂಡವರು. ಬೇರೆ ಬೇರೆ ಬ್ಯಾಂಕಿನ ಚೆಕ್ಕುಗಳನ್ನು ವಿಂಗಡಿಸಿ, ಲೆಕ್ಕ ಕೂಡಿಸಿ, ಸಂಜೆ ತಾಳೆ ಹಾಕುವ ಕೆಲಸ. ಫೋನಿನಲ್ಲಿ ಈ ವಿಷಯ ಹೇಳಿದಾಗ ಅವರು, "ಚೆಕ್ ಅಂದ್ರೆ ಬರೀ ಮಾತು ಮಾರಾಯ, ದುಡ್ಡಲ್ಲ. ನೀನು ಮಾತು ಕೊಡ್ತೀಯ. ದುಡ್ಡು ಎಳೆದುಕೊಳ್ಳುವ ಕೆಲಸ ಅವನದ್ದು" ಎಂದಿದ್ದರು.

ಎಳೆದುಕೊಳ್ಳುವುದು. ಆ ಒಂದು ಪದದಲ್ಲಿ ಬಹಳ ಇದೆ. ಚೆಕ್ಕಿನಲ್ಲಿ ಹಣ ಪಡೆಯುವವನು ನಿಮ್ಮ ಖಾತೆಯಿಂದ ಹಣ ಎಳೆಯುತ್ತಾನೆ. ಯಾವಾಗ ಎಳೆಯುತ್ತಾನೆ ಎಂಬುದು ನಿಮ್ಮ ಕೈಯಲ್ಲಿಲ್ಲ. ನಾಳೆಯೂ ಇರಬಹುದು, ಮೂರು ವಾರ ಬಿಟ್ಟೂ ಇರಬಹುದು. ನಿಮ್ಮ ಖಾತೆಗೆ ಹೊರಗಿನಿಂದ ಒಂದು ಬಾಗಿಲು ಇದೆ ಎಂದಾದಾಗ ನಂಬರ್ ಗುಟ್ಟಾಗಲೇಬೇಕು. ಅಮೆರಿಕದಲ್ಲಿ ಈಗ ಅಂಚೆ ಡಬ್ಬಿಯಿಂದ ಚೆಕ್ ಕದ್ದು, ರಾಸಾಯನಿಕದಲ್ಲಿ ಶಾಯಿ ತೊಳೆದು, ಹೆಸರು ಮತ್ತು ಮೊತ್ತ ಬದಲಾಯಿಸುವ ಕಳ್ಳತನ ಜಾಸ್ತಿಯಾಗಿದೆ. ಜೆಲ್ ಪೆನ್ನಿನಲ್ಲೇ ಬರೆಯಿರಿ, ಆ ಶಾಯಿ ಸುಲಭವಾಗಿ ತೊಳೆದುಹೋಗುವುದಿಲ್ಲ ಎಂದು ಬುದ್ಧಿ ಹೇಳುತ್ತಾರೆ.

ಹಾಗಾದರೆ ಅಷ್ಟು ಮುಂದುವರಿದ ದೇಶ ಚೆಕ್ಕನ್ನು ಇಷ್ಟು ಕಾಲ ಯಾಕೆ ಹಿಡಿದುಕೊಂಡಿತು? ಕಾರಣ ಅಲ್ಲಿನ ಬ್ಯಾಂಕುಗಳ ಚರಿತ್ರೆಯಲ್ಲಿದೆ. ಒಂದು ಬ್ಯಾಂಕ್ ಬೇರೆ ರಾಜ್ಯಗಳಲ್ಲಿ ಶಾಖೆ ತೆರೆಯುವುದಕ್ಕೆ ಅಲ್ಲಿ ಬಹಳ ಕಾಲ ಅಡ್ಡಿ ಇತ್ತು. ದೇಶದ ತುಂಬ ಶಾಖೆ ಹರಡಲು ಕಾನೂನು ಸಲೀಸಾಗಿ ಬಿಟ್ಟಿದ್ದು 1994ರಲ್ಲಿ. 1980ರ ದಶಕದಲ್ಲಿ ಅಲ್ಲಿ ಸುಮಾರು 14,000 ಬ್ಯಾಂಕುಗಳಿದ್ದವು. ಈಗಲೂ 4,000ಕ್ಕೂ ಹೆಚ್ಚಿವೆ. ಇಷ್ಟೊಂದು ಸಣ್ಣ ಬ್ಯಾಂಕುಗಳ ನಡುವೆ, ಒಂದಕ್ಕೊಂದು ಪರಿಚಯವಿಲ್ಲದಿದ್ದರೂ ಓಡಾಡಬಲ್ಲ ಕಾಗದ ಎಂದರೆ ಚೆಕ್. ಅದು ನಿಜವಾಗಿಯೂ ಓಡಾಡುತ್ತಿತ್ತು. ರಾತ್ರಿ ವಿಮಾನಗಳಲ್ಲಿ ಮೂಟೆಗಟ್ಟಲೆ ಚೆಕ್ಕುಗಳು ಊರಿಂದೂರಿಗೆ ಹೋಗುತ್ತಿದ್ದವು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ವಿಮಾನಗಳು ನಿಂತಾಗ ಆ ಮೂಟೆಗಳೂ ನಿಂತವು. ಆಮೇಲೆ 2003ರಲ್ಲಿ ಕಾನೂನು ಬಂತು, 2004ರಿಂದ ಜಾರಿಯಾಯಿತು. ಚೆಕ್ಕಿನ ಬದಲು ಅದರ ಚಿತ್ರ ಓಡಾಡಿದರೆ ಸಾಕು ಎಂದಾಯಿತು. ಫೋನಿನಲ್ಲಿ ಚೆಕ್ಕಿನ ಫೋಟೋ ತೆಗೆದು ಜಮಾ ಮಾಡುವ ಸೌಲಭ್ಯ ಬೆಳೆದಿದ್ದು ಅಲ್ಲಿಂದ. ನನಗೂ ಅದು ಆಗ ದೊಡ್ಡ ಸೌಕರ್ಯ ಅನ್ನಿಸಿತ್ತು. ಕಾಗದ ಮಾತ್ರ ಹೋಗಲಿಲ್ಲ, ಅದರ ಪ್ರಯಾಣ ವೇಗವಾಯಿತು ಅಷ್ಟೇ.

ಯೂರೋಪಿನಲ್ಲಿ ದಾರಿ ಬೇರೆ. 1883ರಲ್ಲಿ ವಿಯೆನ್ನಾದ ಅಂಚೆ ಉಳಿತಾಯ ಬ್ಯಾಂಕು ಒಂದು ಖಾತೆಯಿಂದ ಇನ್ನೊಂದು ಖಾತೆಗೆ ನೇರವಾಗಿ ಹಣ ದಾಟಿಸುವ ಏರ್ಪಾಡು ಮಾಡಿತು. ಜರ್ಮನಿಯ ಅಂಚೆ ಇಲಾಖೆ 1909ರಲ್ಲಿ ಅದೇ ದಾರಿ ಹಿಡಿಯಿತು. ಇದಕ್ಕೆ ಗಿರೋ ಎನ್ನುತ್ತಾರೆ. ಜರ್ಮನಿಯಲ್ಲಿ ಇಂದಿಗೂ ಸಾಮಾನ್ಯ ಖಾತೆಯ ಹೆಸರು ಗಿರೋಕೊಂಟೊ. ಇಲ್ಲಿ ಕೊಡಬೇಕಾದವನೇ ಬ್ಯಾಂಕಿಗೆ ಹೇಳುತ್ತಾನೆ, ನನ್ನ ಖಾತೆಯಿಂದ ಇಷ್ಟು ತೆಗೆದು ಅವರ ಖಾತೆಗೆ ಹಾಕಿ ಎಂದು. ಹಣ ತಳ್ಳುವುದು ಕೊಡುವವನ ಕೈಯಲ್ಲಿ. ಪಡೆಯುವವನು ಮಾಡಬೇಕಾದ್ದು ತನ್ನ ನಂಬರ್ ಹೇಳುವುದು ಮಾತ್ರ. ಅಂಚೆ ಕಚೇರಿ ಹಳ್ಳಿ ಹಳ್ಳಿಯಲ್ಲೂ ಇತ್ತಲ್ವಾ, ಹಾಗಾಗಿ ಚೆಕ್ ಬುಕ್ ನೋಡದ ಜನರಿಗೂ ಇದು ಸಿಕ್ಕಿತು.

ನಮ್ಮ ಮಾಲಕಿ ಬರೆದುಕೊಟ್ಟದ್ದು ಐಬ್ಯಾನ್, ಅಂದರೆ ಅಂತರರಾಷ್ಟ್ರೀಯ ಮಾದರಿಯ ಖಾತೆ ನಂಬರ್. ಜರ್ಮನ್ನರು ಇಬಾನ್ ಎನ್ನುತ್ತಾರೆ. ಜರ್ಮನಿಯದ್ದು 22 ಅಕ್ಷರ, ನೆದರ್‌ಲ್ಯಾಂಡ್ಸಿನದ್ದು 18. ಡಿಇ ಆದ ಮೇಲೆ ಬರುವ ಎರಡು ಅಂಕಿಗಳು ಕಾವಲುಗಾರರು. ಉಳಿದ ಅಂಕಿಗಳನ್ನು ಒಂದು ಲೆಕ್ಕಕ್ಕೆ ಹಾಕಿ, 97ರಿಂದ ಭಾಗಿಸಿ, ಶೇಷ ಸರಿಯಾಗಿ ಬರುತ್ತದೆಯೇ ಎಂದು ಕಂಪ್ಯೂಟರ್ ನೋಡುತ್ತದೆ. ಒಂದು ಅಂಕಿ ತಪ್ಪು ಒತ್ತಿದರೂ ಅಲ್ಲೇ ಸಿಕ್ಕಿಬೀಳುತ್ತದೆ. ಅಪ್ಪನಿಗೆ ಇದನ್ನು ವಿವರಿಸಿದಾಗ ಅವರು ಕಾಗದ ಪೆನ್ನು ತೆಗೆದುಕೊಂಡು ಕೂತು ನಮ್ಮ ಐಬ್ಯಾನನ್ನು ಭಾಗಿಸಿ ನೋಡಿದರು. ಶೇಷ 1 ಬಂದಾಗ ಅವರಿಗೆ ಆದ ಖುಷಿ ನನಗೆ ಈಗಲೂ ನೆನಪಿದೆ.

2008ರಲ್ಲಿ ಯೂರೋ ಹಣವನ್ನು ದೇಶದಿಂದ ದೇಶಕ್ಕೆ ಒಂದೇ ಬಗೆಯಲ್ಲಿ ದಾಟಿಸುವ ಸೇಪಾ ಶುರುವಾಯಿತು. ಈಗ 30ಕ್ಕೂ ಹೆಚ್ಚು ದೇಶ ಅದರಲ್ಲಿವೆ. ಎರ್ಲಾಂಗನ್‌ನಿಂದ ಲಿಸ್ಬನ್ನಿಗೆ ಕಳಿಸುವುದೂ ಒಂದೇ, ಪಕ್ಕದ ನ್ಯೂರೆಂಬರ್ಗಿಗೆ ಕಳಿಸುವುದೂ ಒಂದೇ. ಬಾಡಿಗೆಗೆ ನಾನು ಒಂದು ಸಲ ಸ್ಥಾಯಿ ಆದೇಶ ಕೊಟ್ಟೆ. ಅಂದಿನಿಂದ ಪ್ರತಿ ತಿಂಗಳು ಅದರಷ್ಟಕ್ಕೆ ಹೋಗುತ್ತಿದೆ.

ಆದರೆ ಯೂರೋಪಿನಲ್ಲೂ ಎಳೆಯುವ ದಾರಿ ಒಂದಿದೆ. ಕರೆಂಟ್ ಬಿಲ್, ಫೋನ್ ಬಿಲ್, ಆಟದ ಕ್ಲಬ್ಬಿನ ಚಂದಾ, ಇವನ್ನೆಲ್ಲ ಅವರೇ ನಮ್ಮ ಖಾತೆಯಿಂದ ತೆಗೆದುಕೊಳ್ಳುತ್ತಾರೆ. ಇದಕ್ಕೆ ಲಾಸ್ಟ್‌ಶ್ರಿಫ್ಟ್ ಎಂದು ಹೆಸರು. ಮೊದಲ ಸಲ ಅಂಥ ಫಾರಂಗೆ ಸಹಿ ಮಾಡುವಾಗ ನನಗೆ ಹಳೆಯ ಭಯ ಬಂತು. ಕ್ಲಬ್ಬಿನ ಹಿರಿಯರೊಬ್ಬರು ಹೇಳಿದರು: ಎಂಟು ವಾರದೊಳಗೆ ಯಾವ ಕಾರಣವನ್ನೂ ಕೊಡದೆ ಆ ಹಣವನ್ನು ವಾಪಸ್ ತರಿಸಬಹುದು. ಒಪ್ಪಿಗೆಯೇ ಇಲ್ಲದೆ ತೆಗೆದಿದ್ದರೆ 13 ತಿಂಗಳವರೆಗೆ ಕೇಳಬಹುದು. ಆಗ ನನಗೆ ಗೊತ್ತಾಯಿತು. ಇಲ್ಲಿಯ ಜನ ನಂಬರನ್ನು ಗೋಡೆಗೆ ಅಂಟಿಸುವುದು ಎಲ್ಲರೂ ಒಳ್ಳೆಯವರು ಎಂಬ ನಂಬಿಕೆಯಿಂದಲ್ಲ. ಹಣ ಹೋದರೂ ವಾಪಸ್ ಬರುತ್ತದೆ ಎಂದು ಕಾನೂನು ಬೆನ್ನಿಗೆ ನಿಂತಿರುವುದರಿಂದ.

ಈಗ ನನ್ನನ್ನು ಇವತ್ತಿಗೂ ಕಾಡುವ ವಿಷಯಕ್ಕೆ ಬರುತ್ತೇನೆ.

2010ರ ಫೆಬ್ರವರಿ, ಕೊಲಂಬಸ್. ಖಾತೆಯಲ್ಲಿ 800 ಡಾಲರ್ ಇತ್ತು. ಸಂಬಳ ಸೋಮವಾರ ಬರಬೇಕು. ಆ ವಾರ 4 ಡಾಲರಿನ ಕಾಫಿ, 18ರ ದಿನಸಿ, 22ರ ಪೆಟ್ರೋಲ್, ಮೂರನ್ನೂ ಡೆಬಿಟ್ ಕಾರ್ಡಿನಲ್ಲಿ ಕೊಟ್ಟಿದ್ದೆ. ಅದೇ ಹೊತ್ತಿಗೆ ತಡವಾಗಿ ಕೊಟ್ಟಿದ್ದ 780ರ ಬಾಡಿಗೆ ಚೆಕ್ ಬಂತು. ನಡೆದ ಕ್ರಮದಲ್ಲಿ ಲೆಕ್ಕ ಹಾಕಿದ್ದರೆ ಮೂರು ಸಣ್ಣ ಖರ್ಚು ಕಳೆದು 756 ಉಳಿಯುತ್ತಿತ್ತು. ಚೆಕ್ಕಿಗೆ ಮಾತ್ರ ಹಣ ಸಾಲುತ್ತಿರಲಿಲ್ಲ. ಒಂದು ಸಲ ದಂಡ, 35 ಡಾಲರ್. ಬ್ಯಾಂಕು ಹಾಗೆ ಮಾಡಲಿಲ್ಲ. ಅತಿ ದೊಡ್ಡದನ್ನು ಮೊದಲು ಕಳೆಯಿತು. 20 ಉಳಿಯಿತು. ಆಮೇಲೆ ಪೆಟ್ರೋಲಿನ 22 ಕಳೆದಾಗ ಖಾತೆ ಸೊನ್ನೆಯ ಕೆಳಗಿಳಿಯಿತು, ಹಾಗಾಗಿ ದಿನಸಿಗೂ ಸಾಲಲಿಲ್ಲ, ಕಾಫಿಗೂ ಸಾಲಲಿಲ್ಲ. ಮೂರು ಸಲ ದಂಡ, 105 ಡಾಲರ್. ಇದು ನನ್ನ ಬ್ಯಾಂಕೊಂದರ ಕಥೆಯಲ್ಲ. ಆ ಕಾಲದಲ್ಲಿ ಅಲ್ಲಿನ ಎಷ್ಟೋ ಬ್ಯಾಂಕುಗಳು ಹೀಗೇ ದೊಡ್ಡದರಿಂದ ಸಣ್ಣದಕ್ಕೆ ಲೆಕ್ಕ ಹಾಕುತ್ತಿದ್ದವು. ಆಮೇಲೆ ಅದಕ್ಕಾಗಿ ಆ ಬ್ಯಾಂಕುಗಳಲ್ಲಿ ಕೆಲವು ಕೋರ್ಟಿಗೂ ಹೋಗಬೇಕಾಯಿತು.

ಫೋನ್ ಮಾಡಿ ಕೇಳಿಕೊಂಡಾಗ ಒಂದು ದಂಡವನ್ನು ಬಿಟ್ಟರು. ನನಗೆ ಒಳ್ಳೆಯ ಸಂಬಳವಿತ್ತು, ಹೇಗೋ ನಡೆಯಿತು. ಆದರೆ ನಮ್ಮ ಪಕ್ಕದ ಮನೆಯಲ್ಲಿ ವೃದ್ಧಾಶ್ರಮದ ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬರಿದ್ದರು. ಆಕೆಗೆ ಈ ವಿಷಯ ಹೇಳಿದಾಗ ಅಚ್ಚರಿಯೇ ಆಗಲಿಲ್ಲ. "ನನಗೆ ತಿಂಗಳಿಗೊಮ್ಮೆಯಾದರೂ ಬೀಳುತ್ತದೆ" ಎಂದರು. ಒಂದು ದಂಡ ಎಂದರೆ ಆಕೆಗೆ ಮೂರು ಗಂಟೆಗೂ ಮೀರಿದ ದುಡಿಮೆ. ಇಂಥವರು ಬೇಸತ್ತು ಖಾತೆ ಮುಚ್ಚಿಬಿಡುತ್ತಾರೆ. ಆಮೇಲೆ ಸಂಬಳದ ಚೆಕ್ಕನ್ನು ನಗದು ಮಾಡಿಕೊಡುವ ರಸ್ತೆ ಬದಿಯ ಅಂಗಡಿಗೆ ಹೋಗಿ, ಅಲ್ಲೂ ಒಂದು ಪಾಲು ಕಳೆದುಕೊಳ್ಳುತ್ತಾರೆ. 2023ರಲ್ಲೂ ಅಮೆರಿಕದ ನೂರರಲ್ಲಿ ನಾಲ್ಕು ಮನೆಗಳಲ್ಲಿ ಯಾರಿಗೂ ಬ್ಯಾಂಕ್ ಖಾತೆ ಇರಲಿಲ್ಲ.

ಜರ್ಮನಿಯಲ್ಲಿ ನನ್ನ ಖಾತೆ ಒಮ್ಮೆ 20 ಯೂರೋ ಕೆಳಗಿಳಿಯಿತು, ಮೂರು ದಿನ. ಇಲ್ಲಿ ನಿಯಮಿತ ಸಂಬಳ ಬರುವ ಖಾತೆಗೆ ಡಿಸ್ಪೊ ಎಂಬ ಸಾಲದ ಮಿತಿ ಕೊಟ್ಟಿರುತ್ತಾರೆ. ಅದರ ಬಡ್ಡಿ ವರ್ಷಕ್ಕೆ ನೂರಕ್ಕೆ ಹತ್ತು, ಹನ್ನೊಂದು. ಜರ್ಮನ್ನರು ಅದನ್ನೇ ದುಬಾರಿ ಎಂದು ಬೈಯುತ್ತಾರೆ, ಹೌದು ದುಬಾರಿಯೇ. ಆದರೆ 20 ಯೂರೋಗೆ ಮೂರು ದಿನಕ್ಕೆ ನನಗೆ ಬಿದ್ದ ಬಡ್ಡಿ ಎರಡು ಸೆಂಟ್. ಆ ಸಾಲನ್ನು ನೋಡಿದಾಗ ನನಗೆ ಕೊಲಂಬಸ್‌ನ ಆ ಹೆಂಗಸಿನ ನೆನಪಾಯಿತು. ಸಾಲಕ್ಕೆ ಬಡ್ಡಿ ಹಾಕುವುದು ಬೇರೆ. ಬಡತನಕ್ಕೆ ದಂಡ ಹಾಕುವುದು ಬೇರೆ.

ಅಮೆರಿಕದಲ್ಲಿ ಇದನ್ನು ಸರಿ ಮಾಡಲು ಯಾರೂ ಯತ್ನಿಸಲಿಲ್ಲ ಎಂದಲ್ಲ. ಕೆಲವು ದೊಡ್ಡ ಬ್ಯಾಂಕುಗಳು ತಾವಾಗಿಯೇ ಈ ದಂಡವನ್ನು ಇಳಿಸಿದವು, ಕೆಲವು ತೆಗೆದೇ ಹಾಕಿದವು. ಗ್ರಾಹಕರ ಹಣಕಾಸು ರಕ್ಷಣೆಯ ಸರ್ಕಾರಿ ಸಂಸ್ಥೆ 2024ರ ಡಿಸೆಂಬರಿನಲ್ಲಿ, ದೊಡ್ಡ ಬ್ಯಾಂಕುಗಳು ಇದನ್ನು 5 ಡಾಲರಿಗೆ ಇಳಿಸಬೇಕಾಗುವಂಥ ನಿಯಮ ತಂದಿತು. 2025ರಲ್ಲಿ ಅಲ್ಲಿನ ಕಾಂಗ್ರೆಸ್ ಅದನ್ನು ರದ್ದು ಮಾಡಿತು. ಆ ಸುದ್ದಿ ಓದಿದ ದಿನ ನನಗೆ ನಿಜವಾಗಿಯೂ ಬೇಸರವಾಯಿತು.

ಎರ್ಲಾಂಗನ್‌ನ ಜರ್ಮನ್ ಭಾಷೆ ತರಗತಿಯಲ್ಲಿ ನನ್ನ ಪಕ್ಕ ಸಿರಿಯಾದಿಂದ ಬಂದ ಒಬ್ಬರು ಕೂರುತ್ತಿದ್ದರು. ಕೆಲಸ ಇರಲಿಲ್ಲ, ಸ್ವಂತ ಮನೆ ಇರಲಿಲ್ಲ, ಶಿಬಿರದ ವಿಳಾಸ. ಒಂದು ದಿನ ಹೊಸ ಬ್ಯಾಂಕ್ ಕಾರ್ಡ್ ತೋರಿಸಿದರು. ಯೂರೋಪಿನ ಒಕ್ಕೂಟ 2014ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಕಾನೂನುಬದ್ಧವಾಗಿ ನೆಲೆಸಿದ ಯಾರಿಗೇ ಆದರೂ ಒಂದು ಮೂಲ ಖಾತೆ ಕೊಡಬೇಕು. ಜರ್ಮನಿಯಲ್ಲಿ ಅದು 2016ರ ಜೂನ್‌ನಿಂದ ಜಾರಿಗೆ ಬಂತು. ಮನೆಯಿಲ್ಲದವರಿಗೂ, ಆಶ್ರಯ ಕೇಳಿ ಬಂದವರಿಗೂ ಆ ಹಕ್ಕು ಇದೆ. ಕಾರ್ಡ್ ಹಿಡಿದುಕೊಂಡಿದ್ದ ಅವರ ಮುಖ ನೋಡಿದಾಗ ನನಗೆ ಕಣ್ಣು ತುಂಬಿತು.

ನನಗೆ ಅಮೆರಿಕದಲ್ಲಿ ಖಾತೆ ಬೇಗ ಸಿಕ್ಕಿತ್ತು. ಸಿಗದಿದ್ದುದು ಕ್ರೆಡಿಟ್ ಕಾರ್ಡ್. ಅಲ್ಲಿ 300ರಿಂದ 850ರವರೆಗಿನ ಒಂದು ಸ್ಕೋರ್ ನಿಮ್ಮ ಹಿಂದೆ ನಡೆಯುತ್ತದೆ. ಸಾಲ ಮಾಡಿ ತೀರಿಸಿದ ದಾಖಲೆ ಇದ್ದರೆ ಸ್ಕೋರ್. ಸಾಲವನ್ನೇ ಮಾಡದವನಿಗೆ ಸ್ಕೋರೇ ಇಲ್ಲ. ಸಾಲ ಇಲ್ಲದೆ ಬದುಕಿದ್ದೇ ಮನೆತನದ ಮರ್ಯಾದೆ ಎಂದು ಬೆಳೆದ ನಾನು, 300 ಡಾಲರ್ ಠೇವಣಿ ಇಟ್ಟು, ಅಷ್ಟೇ ಮಿತಿಯ ಕಾರ್ಡ್ ಪಡೆದು, ಪ್ರತಿ ತಿಂಗಳು ಬೇಕೆಂದೇ ಸಾಲ ಮಾಡಿ ತೀರಿಸುತ್ತಾ ಹೋದೆ. ಜರ್ಮನಿಯಲ್ಲೂ ಜನರ ಸಾಲದ ದಾಖಲೆ ಇಡುವ ಶುಫಾ ಎಂಬ ಸಂಸ್ಥೆ ಇದೆ, 1927ರಿಂದ. ಮನೆ ಬಾಡಿಗೆಗೆ ಕೇಳಿದರೆ ಅದರ ಪತ್ರ ತನ್ನಿ ಎನ್ನುತ್ತಾರೆ. ಆದರೆ ಅದು ಹೆಚ್ಚಾಗಿ ನೋಡುವುದು ಕೊಟ್ಟ ಮಾತು ತಪ್ಪಿದ್ದೀರಾ ಎಂದು. ಸ್ಕೋರ್ ಬೆಳೆಸುವುದಕ್ಕೆಂದು ಯಾರೂ ಇಲ್ಲಿ ಸುಮ್ನೆ ಸಾಲ ಮಾಡುವುದನ್ನು ನಾನು ನೋಡಿಲ್ಲ.

ಆ ಕಾರ್ಡಿನಿಂದ ಮುಂದೆ ಪಾಯಿಂಟ್ ಬರತೊಡಗಿತು. ಒಮ್ಮೆ ಪಾಯಿಂಟಿನಲ್ಲೇ ಬೆಂಗಳೂರಿಗೆ ಟಿಕೆಟ್ ತೆಗೆದೆ. ಯಾರೋ ಬಿಟ್ಟಿ ಕೊಟ್ಟರು ಎಂದುಕೊಂಡಿದ್ದೆ. ಹಾಗಲ್ಲ. ಕ್ರೆಡಿಟ್ ಕಾರ್ಡ್ ಉಜ್ಜಿದಾಗ ಅಂಗಡಿಯವನು ನೂರಕ್ಕೆ ಸುಮಾರು ಎರಡು ಡಾಲರ್ ಕಾರ್ಡ್ ವ್ಯವಸ್ಥೆಗೆ ಕೊಡುತ್ತಾನೆ. ಅದನ್ನು ಸಾಮಾನಿನ ಬೆಲೆಯಲ್ಲಿ ಸೇರಿಸುತ್ತಾನೆ. ನಗದು ಕೊಡುವ ಪಕ್ಕದ ಮನೆಯ ಹೆಂಗಸೂ ಅದೇ ಬೆಲೆ ಕೊಡುತ್ತಾರೆ, ಆಕೆಗೆ ಪಾಯಿಂಟ್ ಇಲ್ಲ. ಯೂರೋಪಿನ ಒಕ್ಕೂಟ 2015ರಲ್ಲಿ ಬ್ಯಾಂಕಿಗೆ ಸೇರುವ ಈ ಪಾಲನ್ನು ಡೆಬಿಟ್‌ಗೆ ನೂರಕ್ಕೆ 0.2, ಕ್ರೆಡಿಟ್‌ಗೆ 0.3 ಎಂದು ಕಟ್ಟಿಹಾಕಿತು. ಅದಕ್ಕೇ ಇಲ್ಲಿ ಪಾಯಿಂಟುಗಳ ಸುರಿಮಳೆ ಇಲ್ಲ. ನನ್ನ ಆ ಪ್ರಯಾಣದ ಖರ್ಚಿನಲ್ಲಿ ಆಕೆಯ ದುಡ್ಡೂ ಸೇರಿತ್ತು ಎಂದು ತಿಳಿದ ಮೇಲೆ ಪಾಯಿಂಟಿನ ಆಸೆ ಹೋಯಿತು.

ಹಾಗೆಂದು ಅಮೆರಿಕದ ಬ್ಯಾಂಕನ್ನು ಬರೀ ದೂರಿದರೆ ಅನ್ಯಾಯವಾಗುತ್ತದೆ. ಅಲ್ಲಿ ರಾತ್ರಿ ಹನ್ನೊಂದಕ್ಕೆ ಕಾರ್ಡ್ ಕಳೆದಿದೆ ಎಂದು ಫೋನ್ ಮಾಡಿದರೆ ಮನುಷ್ಯರೇ ಎತ್ತುತ್ತಾರೆ, ಸಮಾಧಾನ ಹೇಳುತ್ತಾರೆ. ಕ್ರೆಡಿಟ್ ಕಾರ್ಡ್ ಕಳುವಾದರೆ ನಿಮ್ಮ ಹೊಣೆ ಕಾನೂನಿನ ಪ್ರಕಾರ 50 ಡಾಲರ್ ಮೀರುವುದಿಲ್ಲ. ಕೊಂಡ ವಸ್ತು ಬರದಿದ್ದರೆ ಕಾರ್ಡ್ ಕಂಪನಿ ನಿಮ್ಮ ಪರ ನಿಲ್ಲುತ್ತದೆ. ಎರ್ಲಾಂಗನ್‌ನಲ್ಲಿ ನನ್ನ ಶಾಖೆ ಮಧ್ಯಾಹ್ನ ಊಟಕ್ಕೆ ಮುಚ್ಚುತ್ತಿತ್ತು, ಬುಧವಾರ ಮಧ್ಯಾಹ್ನದ ನಂತರ ತೆರೆಯುತ್ತಲೇ ಇರಲಿಲ್ಲ. ಕಾರ್ಡ್ ಒಂದು ಅಂಚೆಯಲ್ಲಿ, ಅದರ ಪಿನ್ ಇನ್ನೊಂದು ಅಂಚೆಯಲ್ಲಿ. ಆನ್‌ಲೈನ್‌ನಲ್ಲಿ ಹಣ ಕಳಿಸಲು ಕಾಗದದ ಮೇಲೆ ಅಚ್ಚಾದ ಗುಪ್ತ ಸಂಖ್ಯೆಗಳ ಪಟ್ಟಿ. ಆ ಪಟ್ಟಿಗಳು ಹೋಗಿದ್ದು 2019ರ ಸೆಪ್ಟೆಂಬರಿನಲ್ಲಿ. ಖಾತೆ ಇಟ್ಟುಕೊಳ್ಳುವುದಕ್ಕೇ ತಿಂಗಳ ಶುಲ್ಕ. ಬೇಕರಿಗೆ ಹೋದರೆ ನಗದು ಮಾತ್ರ.

ತಳ್ಳುವ ಹಣಕ್ಕೂ ಅದರದೇ ಅಪಾಯ ಇದೆ. ಒಮ್ಮೆ ತಳ್ಳಿದರೆ ವಾಪಸ್ ಬರುವುದು ಕಷ್ಟ. ಯೂರೋ ದೇಶಗಳ ಬ್ಯಾಂಕುಗಳು 2025ರ ಅಕ್ಟೋಬರಿನಿಂದ ಹತ್ತು ಸೆಕೆಂಡಿನಲ್ಲಿ ಹಣ ಕಳಿಸುವ ಸೌಲಭ್ಯವನ್ನು ಕೊಡಲೇಬೇಕು, ಸಾಮಾನ್ಯ ವರ್ಗಾವಣೆಗಿಂತ ಜಾಸ್ತಿ ದುಡ್ಡು ಕೇಳುವ ಹಾಗಿಲ್ಲ. ವೃದ್ಧರಿಗೆ ಫೋನ್ ಮಾಡಿ ಮೋಸ ಮಾಡುವವರಿಗೂ ಆ ಹತ್ತು ಸೆಕೆಂಡ್ ಸಾಕು. ಅದಕ್ಕೇ ಹಣ ಹೋಗುವ ಮುಂಚೆ ಹೆಸರು ಮತ್ತು ಐಬ್ಯಾನ್ ಹೊಂದುತ್ತವೆಯೇ ಎಂದು ತೋರಿಸುವ ನಿಯಮವನ್ನೂ ಜೊತೆಗೇ ತಂದರು. ಊರಲ್ಲಿ ಅಪ್ಪ ಈ ಎಲ್ಲವನ್ನೂ ಕೇಳಿ, "ನಮ್ಮ ಯುಪಿಐನಲ್ಲಿ ಹೆಸರು ಮೊದಲಿಂದಲೂ ತೋರಿಸ್ತದಲ್ಲ" ಎಂದರು. 2016ರಲ್ಲಿ ಶುರುವಾದ ಯುಪಿಐಯನ್ನು, ಜೀವಮಾನವಿಡೀ ಚೆಕ್ ಎಣಿಸಿದ ಅವರು ಮೀನು ಮಾರ್ಕೆಟಿನಲ್ಲಿ ದಿನಾ ಬಳಸುತ್ತಾರೆ. ಅಮೆರಿಕದ ಕೇಂದ್ರ ಬ್ಯಾಂಕು ತನ್ನ ತಕ್ಷಣದ ಪಾವತಿ ಸೇವೆಯಾದ ಫೆಡ್‌ನೌ ಶುರು ಮಾಡಿದ್ದು 2023ರ ಜುಲೈನಲ್ಲಿ.

ಎರಡು ವ್ಯವಸ್ಥೆಗಳ ನಡುವೆ ಸಿಕ್ಕಿಕೊಂಡವನು ನಮ್ಮ ಮಗ. ಅವನು ಹುಟ್ಟಿದ್ದು ಕೊಲಂಬಸ್‌ನಲ್ಲಿ. ಇಲ್ಲಿ ಅಕ್ಟೋಬರ್ ಕೊನೆಗೆ ವಿಶ್ವ ಉಳಿತಾಯ ದಿನ ಬರುತ್ತದೆ. ಮಕ್ಕಳು ಹುಂಡಿ ಹಿಡಿದುಕೊಂಡು ಬ್ಯಾಂಕಿಗೆ ಹೋಗುತ್ತಾರೆ. ಏಳು ವರ್ಷದವನಿದ್ದಾಗ ಅವನೂ ಹೊರಟ. ಬ್ಯಾಂಕಿನವರು ಹುಟ್ಟಿದ ಊರು ನೋಡಿ, ಅಮೆರಿಕದ ಪ್ರಜೆಗೆ ಖಾತೆ ತೆರೆಯುವುದಿಲ್ಲ ಎಂದರು. ಅಮೆರಿಕ 2010ರಲ್ಲಿ ತಂದ ಕಾನೂನಿನಿಂದ ತನ್ನ ಪ್ರಜೆಗಳ ಖಾತೆಗಳ ವಿವರವನ್ನು ಹೊರದೇಶದ ಬ್ಯಾಂಕುಗಳು ವರದಿ ಮಾಡಬೇಕು. ಕೆಲವು ಬ್ಯಾಂಕುಗಳಿಗೆ ಆ ತಾಪತ್ರಯವೇ ಬೇಡ. ಹುಂಡಿಯಲ್ಲಿ ಇದ್ದದ್ದು 41 ಯೂರೋ. ದಾರಿಯಲ್ಲಿ ಅವನು, "ನಾನೇನು ತಪ್ಪು ಮಾಡಿದೆ?" ಎಂದು ಕೇಳಿದ. ಎರಡು ತಿಂಗಳ ನಂತರ ಇನ್ನೊಂದು ಬ್ಯಾಂಕು, ಒಂದಿಷ್ಟು ಫಾರಂ ತುಂಬಿಸಿಕೊಂಡು ಖಾತೆ ಕೊಟ್ಟಿತು.

ಹೋದ ವರ್ಷ ಕೊಲಂಬಸ್‌ನ ನನ್ನ ಹಳೆಯ ಖಾತೆಯನ್ನು ಮುಚ್ಚಿದೆ. ಉಳಿದಿದ್ದ 212 ಡಾಲರನ್ನು ಬ್ಯಾಂಕು ಕಳಿಸಿತು. ಅಂಚೆಯಲ್ಲಿ, ಚೆಕ್ ರೂಪದಲ್ಲಿ.

ಅದನ್ನು ಹಿಡಿದುಕೊಂಡು ಎರ್ಲಾಂಗನ್‌ನ ಶಾಖೆಗೆ ಹೋದೆ. ಕೌಂಟರಿನಲ್ಲಿ ತರಬೇತಿಗೆ ಬಂದ ಹುಡುಗಿ ಇದ್ದಳು. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಚೆಕ್ಕನ್ನು ಎರಡೂ ಬದಿ ತಿರುಗಿಸಿ ನೋಡಿದಳು. ಬೆಳಕಿಗೆ ಹಿಡಿದಳು. ಆಮೇಲೆ ತುಂಬ ಮರ್ಯಾದೆಯಿಂದ ಕೇಳಿದಳು, "ಇದರಲ್ಲಿ ಇಬಾನ್ ಎಲ್ಲಿದೆ?"

ನಾನು ಚೆಕ್ಕಿನ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟೆ. ಈ 9 ಅಂಕಿ ಬ್ಯಾಂಕು, ಇದರ ಪಕ್ಕದ್ದು ಖಾತೆ ಎಂದೆ. ಅವಳು ಆ ಸಾಲನ್ನು ಮೆಲ್ಲಗೆ ಓದಿದಳು. ಆಮೇಲೆ ಒಳಗೆ ಹೋಗಿ ಹಿರಿಯ ಸಹೋದ್ಯೋಗಿಯನ್ನು ಕರೆದುಕೊಂಡು ಬಂದಳು. ಅವರು ಕಪಾಟಿನ ಕೆಳಖಾನೆಯಿಂದ ಒಂದು ಫಾರಂ ಹುಡುಕಿ ತೆಗೆದರು. ಹಣ ಬರಲು ಆರು ವಾರ ಆಗಬಹುದು, ಅದರಲ್ಲಿ ಶುಲ್ಕವೂ ಕಳೆಯುತ್ತದೆ ಎಂದರು. ನಾನು ಸಹಿ ಮಾಡಿದೆ. ಚೆಕ್ಕನ್ನು ಫಾರಮ್ಮಿಗೆ ಪಿನ್ ಮಾಡುವ ಮುಂಚೆ ಆ ಹುಡುಗಿ, ಒಂದು ನಕಲು ತೆಗೆದಿಟ್ಟುಕೊಳ್ಳಲೇ ಎಂದು ಕೇಳಿದಳು. ತರಬೇತಿ ತರಗತಿಯಲ್ಲಿ ತೋರಿಸಬೇಕಂತೆ.